ಇಪ್ಪತ್ತನೆಯ ಉಗುರು

ಹದಿನೇಳು, ಹದಿನೆಂಟು, ಹತ್ತೊಂಬತ್ತು.

ವನಜ ನೇಲ್‌ಕಟರನ್ನು ಟವೆಲಿನ ಮೇಲಿಟ್ಟು ಸೊಂಟ ನೆಟ್ಟಗೆ ಮಾಡಿದಳು. ಬೇಸಿನ್ನಿನ ಉಗುರುಬೆಚ್ಚಗಿನ ನೀರಿನಲ್ಲಿ ಹೊಟ್ಟೆ ಮುಳುಗುವಷ್ಟು ಕೂತಿದ್ದ ಭೋಜರಾಜ ಕಣ್ಣು ಅರೆ ಮುಚ್ಚಿಕೊಂಡು, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರ ಹಾಗೆ ಸುಮ್ಮನಿದ್ದ. ಕೆಲಸ ಮುಗಿಯಿತು ಎಂದು ಅವನನ್ನು ಎತ್ತಲು ಹೋದಾಗ ಹಿಂದಿನ ಎಡಗಾಲಿನ ಕೊನೆಯ ಬೆರಳು ಅವಳ ಅಂಗೈಯನ್ನು ಗೀರಿತು.

ಅಲ್ಲಿ ಕತ್ತರಿಸದ ಉಗುರೊಂದು ಉಳಿದಿತ್ತು.

ಇಪ್ಪತ್ತು ವರ್ಷ ಕಡಲ ಬದಿಯ ಕೋಡಿ ಎಂಬ ಊರಿನಿಂದ ಮೀನಿನ ಬುಟ್ಟಿ ಹೊತ್ತು ಮನೆ ಮನೆ ತಿರುಗಿದವಳು ವನಜ. ಬಂಗುಡೆ ಎಣಿಸುವಾಗ ಅವಳ ಲೆಕ್ಕ ತಪ್ಪಿದ್ದು ಯಾರೂ ಕಂಡಿಲ್ಲ. ಆದರೂ ಮತ್ತೊಮ್ಮೆ ಎಣಿಸಿದಳು. ನಾಲ್ಕು ಕಾಲು, ಕಾಲಿಗೆ ಐದು ಬೆರಳು, ಬೆರಳಿಗೊಂದು ಉಗುರು. ಒಟ್ಟು ಇಪ್ಪತ್ತು.

ಗೋಡೆಯ ಮೇಲೆ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದ ಕಾಗದದ ಹನ್ನೊಂದನೇ ಸಾಲು ಬೇರೆ ಹೇಳುತ್ತಿತ್ತು. "ತಿಂಗಳಿಗೊಮ್ಮೆ ಹತ್ತೊಂಬತ್ತು ಉಗುರುಗಳ ತುದಿ ಮಾತ್ರ ಕತ್ತರಿಸುವುದು. ರಕ್ತ ಬರಬಾರದು."

ಭೋಜರಾಜ ಊಟ ಬಿಟ್ಟು ಅಂದಿಗೆ ಆರು ದಿನ. ಯಾರೋ ಅವನಿಗೆ ಎಂತದೋ ಹಾಕಿದ್ದಾರೆ ಎಂದು ಮನೆಯವರು ಒಬ್ಬರನ್ನೊಬ್ಬರು ನೋಡಿ ಮುಗಿಸಿ, ಈಗ ಎಲ್ಲರೂ ವನಜಳನ್ನೇ ನೋಡುತ್ತಿದ್ದರು.

ಈ ಭೋಜರಾಜ ಲೀಲಾಧರ ಶೆಟ್ಟರು ಮುಂಬೈಯ ತಮ್ಮ ಹೋಟೆಲಿನ ಗಲ್ಲಾದ ಪಕ್ಕದಲ್ಲಿಟ್ಟು ಆರು ವರ್ಷ ಸಾಕಿದ ಬಿಯರ್ಡೆಡ್ ಡ್ರ್ಯಾಗನ್, ಪರದೇಶದ ಓತಿಕ್ಯಾತ. ಎರಡು ವರ್ಷದ ಹಿಂದೆ ಅವರು ತೆಕ್ಕಟ್ಟೆಗೆ ಬಂದು ನೆಲೆಸಿದಾಗ ಅವನೂ ಜೊತೆಗೆ ಬಂದ. ಊರವರ ಬಾಯಲ್ಲಿ ಗಡ್ಡದ ಓಂತಿಯಾದ. ಮೊಳದುದ್ದದ ಮೈ, ಅದರ ತುಂಬ ಮುಳ್ಳು, ಆದರೆ ಮುಟ್ಟಿದರೆ ಮುಳ್ಳೆಲ್ಲ ಮೆತ್ತಗೆ. ಸಿಟ್ಟು ಬಂದರೆ ಗಂಟಲು ಊದಿಸಿ ಗಡ್ಡವನ್ನು ಇದ್ದಿಲಿನಷ್ಟು ಕಪ್ಪಾಗಿಸುತ್ತಿದ್ದ. ಮರುಭೂಮಿಯ ಪ್ರಾಣಿ. ಬಟ್ಟೆ ಎರಡು ದಿನವಾದರೂ ಒಣಗದ ಈ ಕಡಲ ಬದಿಯ ಊರಿನಲ್ಲಿ ಅವನನ್ನು ಹುಷಾರಾಗಿ ಇಡುವುದಕ್ಕೆ ಒಂದು ಕೋಣೆ, ಎರಡು ದೀಪ, ಒಂದು ಗಾಜಿನ ಪೆಟ್ಟಿಗೆ ಮತ್ತು ವನಜ ಬೇಕಾಗಿದ್ದರು.

ಶೆಟ್ಟರು ಹೋಟೆಲಿನ ರಿಪೇರಿಗೆಂದು ಒಂದು ತಿಂಗಳ ಮಟ್ಟಿಗೆ ಮುಂಬೈಗೆ ಹೊರಟಾಗ, ಅವನನ್ನು ನೋಡಿಕೊಳ್ಳಲು ವನಜಳನ್ನು ಗೊತ್ತುಮಾಡಿ, ಆ ಕಾಗದ ಬರೆದಿಟ್ಟು ಹೋಗಿದ್ದರು. ಅದರ ತಲೆಯಲ್ಲಿ ದಪ್ಪ ಅಕ್ಷರದಲ್ಲಿ "ವನಜ ಅವರಿಗೆ" ಎಂದಿತ್ತು. ವನಜ ಮೊದಲ ದಿನ ಕೆಳಗಿನ ಹನ್ನೊಂದು ಸಾಲುಗಳಿಗಿಂತ ಆ ಎರಡು ಪದಗಳನ್ನೇ ಹೆಚ್ಚು ಸಲ ಓದಿದ್ದಳು. ನಲವತ್ತೇಳು ವರ್ಷದಲ್ಲಿ ಅವಳನ್ನು ಜನ ಕೂಗಿ ಕರೆದಿದ್ದರು, ಕೈ ತಟ್ಟಿ ಕರೆದಿದ್ದರು, "ಹ್ವಾಯ್ ಮೀನಿನವ್ಳೇ" ಎಂದಿದ್ದರು. ಅವಳ ಹೆಸರಿಗೆ "ಅವರು" ಸೇರಿಸಿ ಬರೆದವರು ಯಾರೂ ಇರಲಿಲ್ಲ. ಅವಳು ಆ ಕೋಣೆಯ ಬೀಗದ ಕೈಯನ್ನು ತಾಳಿಯ ದಾರಕ್ಕೆ ಕಟ್ಟಿಕೊಂಡಿದ್ದು ಯಾರೋ ಹೇಳಿದ್ದಕ್ಕಲ್ಲ.

ಶೆಟ್ಟರು ಬರುವುದು ಶುಕ್ರವಾರ. ಅಂದು ಬುಧವಾರ. ಅಷ್ಟರಲ್ಲಿ ಪ್ರಾಣಿಗೆ ಏನಾದರೂ ಆದರೆ ಆ ಕಾಗದದ ಮೇಲಿನ ಹೆಸರು ಬೇರೆಯೇ ಕಾರಣಕ್ಕೆ ಊರಿಗೆಲ್ಲ ಗೊತ್ತಾಗುತ್ತಿತ್ತು.

ಆರು ದಿನಗಳಲ್ಲಿ ವನಜ ಕಾಗದದ ಒಂದೊಂದೇ ಸಾಲನ್ನು ಹಿಡಿದು ವಿಚಾರಣೆ ಮಾಡಿದ್ದಳು. ದೀಪದಲ್ಲಿ ಮೊದಲು ಅನುಮಾನ. "ಉದ್ದ ದೀಪವನ್ನು ಆರು ತಿಂಗಳಿಗೊಮ್ಮೆ ಬದಲಿಸುವುದು. ಉರಿಯುತ್ತದೆ ಎಂದು ನಂಬಬಾರದು" ಎಂದು ಶೆಟ್ಟರು ಬರೆದಿದ್ದರು. ಬೆಳಕು ಇದ್ದರೂ ಅದರೊಳಗಿನ ಬಿಸಿಲಿನ ಗುಣ ಹೋಗಿರುತ್ತದೆ, ಆಗ ಅವನ ಎಲುಬು ಮೆತ್ತಗಾಗುತ್ತದೆ ಎಂದು ಬಾಯಲ್ಲೂ ವಿವರಿಸಿದ್ದರು. ದೀಪದ ಬುಡದಲ್ಲಿ ಪೆನ್ನಿನಿಂದ ಬರೆದ ತಾರೀಕಿಗೆ ನಾಲ್ಕೇ ತಿಂಗಳಾಗಿತ್ತು. ದೀಪವನ್ನು ಬಿಟ್ಟಳು.

ಮಿಂಚುಹುಳ ಒಂದು ಬಾಯಿಗೆ ಹೋದರೂ ಅವನ ಕಥೆ ಮುಗಿಯುತ್ತದೆ ಎಂದಿತ್ತು. ಅದು ಮಿಂಚುಹುಳದ ಕಾಲವಲ್ಲ. ಅವನ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದೊಡ್ಡ ಹುಳ ಕೊಡಬಾರದು ಎಂದಿತ್ತು. ಕೊಟ್ಟಿರಲಿಲ್ಲ. "ಬಸಳೆ ಹಾಕಬಾರದು, ಪದ್ದು ಎಷ್ಟು ಹೇಳಿದರೂ" ಎಂಬ ಸಾಲೂ ಇತ್ತು. ಪದ್ದು ಎಂದರೆ ಶೆಟ್ಟರ ತಂಗಿ, ಮನೆ ನಡೆಸುವವಳು. ಅವಳು ಬಸಳೆ ಹಾಕು ಎಂದು ಎಂಟು ಸಲ ಹೇಳಿದ್ದಳು. ವನಜ ಒಂದು ಸಲವೂ ಹಾಕಿರಲಿಲ್ಲ.

ಉಳಿದದ್ದು ಬಿಳಿ ಪುಡಿ. ಶೆಟ್ಟರು ತಂದಿಟ್ಟ ಕ್ಯಾಲ್ಸಿಯಂ ಡಬ್ಬಿ ಖಾಲಿಯಾದಾಗ ವನಜ ಕೋಡಿಯ ಕಡಲ ಬದಿಯಿಂದ ಬೊಂಡಾಸ ಮೀನಿನ ಬೆನ್ನಿನ ಬಿಳಿ ಚಿಪ್ಪು ಹೆಕ್ಕಿ ತಂದು, ತೊಳೆದು ಒಣಗಿಸಿ, ನುಣ್ಣಗೆ ತುರಿದು ಹುಳದ ಮೇಲೆ ಉದುರಿಸುತ್ತಿದ್ದಳು. ಅದು ಅವಳ ಸೆರಗಿನ ಗಂಟಿನಲ್ಲಿದ್ದದ್ದನ್ನು ಪದ್ದು ನೋಡಿಬಿಟ್ಟಿದ್ದೇ ಈ ಅನುಮಾನಕ್ಕೆಲ್ಲ ಬುಡ. ಬ್ರಹ್ಮಾವರದಿಂದ ಬಂದ ದನದ ಡಾಕ್ಟರು ಸುಧೀರ್ ಆ ಪುಡಿಯನ್ನು ಬೆರಳಲ್ಲಿ ಉಜ್ಜಿ, ಇದರಿಂದ ತೊಂದರೆ ಇಲ್ಲ ಎಂದರು. ಓಂತಿಯನ್ನು ಮಾತ್ರ ಎರಡು ಮಾರು ದೂರದಿಂದಲೇ ಪರೀಕ್ಷಿಸಿ, ಮಲಬದ್ಧತೆ ಎಂದು ಬರೆದು, ಹರಳೆಣ್ಣೆ ಸೂಚಿಸಿ, ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡು ಹೋದರು. ಹರಳೆಣ್ಣೆ ಕೊಡಲು ವನಜಳಿಗೆ ಮನಸ್ಸು ಬರಲಿಲ್ಲ. ದಿನಾ ಬಿಸಿನೀರಿನಲ್ಲಿ ಕೂರಿಸುತ್ತಿದ್ದಳು.

ಈಗ ಇಪ್ಪತ್ತನೆಯ ಉಗುರು.

ಅವನನ್ನು ಟವೆಲಿನಲ್ಲಿ ಸುತ್ತಿ ಮಡಿಲಿಗೆ ಹಾಕಿಕೊಂಡು ಅವಳು ಕೆಳಗೇ ಕೂತಳು. ಭೋಜರಾಜ ಒಂದು ಮುಂಗೈ ಎತ್ತಿ, ಗಾಳಿಯಲ್ಲಿ ನಿಧಾನಕ್ಕೆ ತಿರುಗಿಸಿ ಇಳಿಸಿದ. ಬಸ್ಸಿನ ಕಿಟಕಿಯಿಂದ ಪರಿಚಯವಿಲ್ಲದವರಿಗೆ ಸಂಕೋಚದಿಂದ ಕೈ ಮಾಡಿದ ಹಾಗೆ.

ಅದನ್ನು ಹನ್ನೆರಡು ದಿನಗಳಿಂದ ನೋಡುತ್ತಿದ್ದಳು. ಅದಕ್ಕಿಂತ ಮೊದಲು ನೋಡಿರಲಿಲ್ಲ. ಮೊದಲ ಎರಡು ವಾರ ಅವಳು ಪೊರಕೆ ಹಿಡಿದು ಒಳಗೆ ಬಂದರೆ ಸಾಕು, ಗಡ್ಡ ಕಪ್ಪು ಮಾಡಿ ತಲೆ ಮೇಲೆ ಕೆಳಗೆ ಕುಣಿಸಿ, ಮನೆಯ ಯಜಮಾನ ತಾನೇ ಎನ್ನುವಂತೆ ನಿಲ್ಲುತ್ತಿದ್ದ. ನಡುವೆ ತಮ್ಮನ ದೋಣಿ ನೀರಿಗಿಳಿಸುವ ಪೂಜೆಗೆಂದು ಅವಳು ಬೀಗದ ಕೈಯನ್ನು ಪದ್ದುವಿಗೆ ಕೊಟ್ಟು ಮೂರು ದಿನ ಕೋಡಿಗೆ ಹೋಗಿದ್ದಳು. ತಿರುಗಿ ಬಂದಾಗ ಬಣ್ಣ ಕೊಂಚ ತಿಳಿಯಾಗಿ, ಗುಣವೂ ಸೌಮ್ಯವಾಗಿ ಕಂಡಿತ್ತು. ಪೊರೆ ಬಿಟ್ಟಿದೆ ಎಂದು ಪದ್ದು ಹೇಳಿದ್ದಳು. ಮೈ ಹೊಸದಾದರೆ ಬುದ್ಧಿಯೂ ಹೊಸದಾಗುವುದಿದ್ದರೆ ಎಷ್ಟು ಒಳ್ಳೆಯದು ಎಂದುಕೊಂಡು, ತನ್ನ ಗಂಡನನ್ನು ನೆನೆದು, ವನಜ ಸುಮ್ಮನಾಗಿದ್ದಳು.

ಟವೆಲಿನೊಳಗಿಂದಲೇ ಅವಳ ಹೆಬ್ಬೆರಳು ತನ್ನಷ್ಟಕ್ಕೆ ಅವನ ಹೊಟ್ಟೆಯ ಬದಿಗೆ ಹೋಯಿತು. ಅದು ಅವಳು ಯೋಚಿಸಿ ಮಾಡಿದ್ದಲ್ಲ. ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ದೋಣಿ ಬಂದು ನಿಲ್ಲುವ ದಕ್ಕೆಯಲ್ಲಿ ಮೀನಿನ ಹೊಟ್ಟೆ ಒತ್ತಿ, ಯಾವುದರಲ್ಲಿ ಮೊಟ್ಟೆ ಇದೆ, ಯಾವುದರಲ್ಲಿ ಇಲ್ಲ ಎಂದು ಬೇರೆ ಮಾಡಿದ ಬೆರಳು. ಮೊಟ್ಟೆಯಿರುವ ಮೀನು ಯಾವ ಮನೆಗೆ ಬೇಕು, ಯಾರಿಗೆ ಬೇಡ ಎಂದು ಅದಕ್ಕೆ ಗೊತ್ತಿತ್ತು.

ಬೆರಳು ಮೆಲ್ಲಗೆ ಒತ್ತಿತು. ನಿಂತಿತು. ಮತ್ತೆ ಒತ್ತಿತು.

ಚರ್ಮದಡಿಯಲ್ಲಿ ದ್ರಾಕ್ಷಿಯಂತೆ ದುಂಡಗಿನವು, ಸಾಲಾಗಿ ಇದ್ದವು. ಒಂದೊಂದೇ ಬೆರಳಿನಡಿ ಜಾರಿದವು. ವನಜ ಹತ್ತರವರೆಗೆ ಎಣಿಸಿ ಬಿಟ್ಟಳು.

ಆರು ದಿನಗಳಿಂದ ಊಟ ಬೇಡ. ಒಂದು ಕಡೆ ಕೂರುವುದಿಲ್ಲ. ಗಾಜಿನ ಮೂಲೆಯಲ್ಲಿ ಬೆಳಗಿಂದ ಸಂಜೆಯವರೆಗೆ ಕೆರೆಯುವುದು. ಪಾತಾಳಕ್ಕೆ ಹೋಗಲು ದಾರಿ ಹುಡುಕುತ್ತಿದೆ ಎಂದು ಪದ್ದು ಹೆದರಿಸಿದ್ದಳು. ಡಾಕ್ಟರು ಮಲಬದ್ಧತೆ ಎಂದಿದ್ದರು. ಹೆತ್ತವಳಾಗಿಯೂ ತನಗೆ ಇದು ಹೊಳೆಯಲಿಲ್ಲವಲ್ಲ ಎಂದು ವನಜಳಿಗೆ ತನ್ನ ಮೇಲೇ ನಾಚಿಕೆಯಾಯಿತು. ಕಾಗದದಲ್ಲಿ ಎಲ್ಲ ಕಡೆ "ಅವನು, ಅವನಿಗೆ" ಎಂದಿತ್ತು. ಕಾಗದವನ್ನು ನಂಬಿ ಕಣ್ಣೆದುರಿನ ಹೊಟ್ಟೆಯನ್ನು ನೋಡಿರಲಿಲ್ಲ.

ಅಂದರೆ ಇದು ಭೋಜರಾಜನಲ್ಲ. ಹಾಗಾದರೆ ಭೋಜರಾಜ ಎಲ್ಲಿ?

ಅವಳು ಪ್ರಾಣಿಯನ್ನು ಟವೆಲಿನ ಸಮೇತ ಎತ್ತಿಕೊಂಡು ಅಡುಗೆ ಮನೆಗೆ ಹೊರಟಳು. ದಾರಿಯಲ್ಲಿ ಹೊರಜಗಲಿ. ಅಲ್ಲಿ ಬೆತ್ತದ ಕುರ್ಚಿಯಲ್ಲಿ ಶೆಟ್ಟರ ತಾಯಿ ಅಮ್ಮಣ್ಣಿಯಮ್ಮ ಕೂತಿದ್ದರು. ಎಂಬತ್ತನಾಲ್ಕು ವರ್ಷ. ಎರಡು ಕೈ ದೂರದ ಆಚೆ ಏನೂ ಕಾಣುವುದಿಲ್ಲ ಎಂದು ಮನೆಯವರ ಲೆಕ್ಕ. ಕಳೆದ ದೀಪಾವಳಿಯಲ್ಲಿ ಒಮ್ಮೆ ಜಾರಿದ ಮೇಲೆ ಇಬ್ಬರು ಎರಡು ಕಡೆ ಹಿಡಿಯದೆ ಅವರನ್ನು ಯಾರೂ ಏಳಲು ಬಿಟ್ಟಿರಲಿಲ್ಲ. ಮಡಿಲಲ್ಲಿ ಆಗಷ್ಟೇ ಕೊಯ್ದ ದಾಸವಾಳದ ರಾಶಿ. ದಿನಾ ಬೆಳಿಗ್ಗೆ ದೇವರಿಗೆಂದು ಕೇಳಿ ತರಿಸಿಕೊಳ್ಳುತ್ತಿದ್ದರು.

"ಎಂತ ಹೆಣೆ, ಯಾರಿಗ್ ಹುಷಾರಿಲ್ಲೆ?" ಎಂದರು.

ಭೋಜರಾಜನಿಗೆ ಎಂದು ವನಜ ಹೇಳಿದಳು.

"ಅವಂಗೆಂತ ಆಯ್ಲಿಲ್ಲೆ. ಲಾಯ್ಕಿದ್ದ," ಎಂದು ಅಮ್ಮಣ್ಣಿಯಮ್ಮ ನಕ್ಕರು. ಕಾಣದವರ ಸಮಾಧಾನ ಎಂದುಕೊಂಡು ವನಜ ಮುಂದೆ ನಡೆದಳು.

ಪದ್ದು ತೆಂಗಿನಕಾಯಿ ಹೆರೆಯುತ್ತಿದ್ದಳು. ಮಂಡಿ ನೋವಿನಿಂದಾಗಿ ಹೆರೆಮಣೆಯನ್ನು ಬೆಂಚಿನ ಮೇಲೆ ಕಟ್ಟಿಸಿಕೊಂಡಿದ್ದಳು. ಅವಳಿಗೆ ಐವತ್ತೆಂಟು. ಗಂಡ ಹೋದ ಮೇಲೆ ಇಪ್ಪತ್ತಾರು ವರ್ಷಗಳಿಂದ ಈ ಅಡುಗೆ ಮನೆಯೇ ಅವಳ ಊರು. ವನಜಳನ್ನು ನೋಡಿ, ನಿನ್ನ ರಾಜನದ್ದು ಮಿಂದು ಆಯಿತೇ, ಇನ್ನು ಪೌಡರ್ ಹಾಕುವುದಿದೆಯೋ ಎಂದು ವಿಚಾರಿಸಿದಳು.

ವನಜ ಟವೆಲನ್ನು ಬೆಂಚಿನ ಮೇಲಿಟ್ಟು ಬಿಡಿಸಿದಳು.

"ಪದ್ದಕ್ಕ, ಇದ್ರ ಉಗುರ್ ಒಂಚೂರ್ ಎಣ್ಸಿ ಕಾಣಿ."

"ನಂಗೆಂತ ಬೇರೆ ಕೆಲ್ಸ ಇಲ್ಲ್ಯಾ?"

"ಒಂದೇ ಸಲ."

ಪದ್ದು ಹತ್ತಿರ ಬರಲಿಲ್ಲ. ಕುತ್ತಿಗೆ ಮಾತ್ರ ಉದ್ದ ಮಾಡಿ, ತುಟಿ ಆಡಿಸುತ್ತ ಎಣಿಸಿದಳು.

"ಇಪ್ಪತ್ತ್. ಎಂತ ಈಗ?"

"ಚೀಟಿಯಂಗೆ ಹತ್ತೊಂಬತ್ತ್ ಅಂದಿತ್ತ್."

"ಅಣ್ಣಯ್ಯಂಗೆ ಲೆಕ್ಕ ತಪ್ಪಿರ್ಕ್."

"ನಲ್ವತ್ ವರ್ಷ ಹೋಟ್ಲ್ ನಡ್ಸಿದವ್ರಿಗ್ ಲೆಕ್ಕ ತಪ್ಪತ್ತಾ?"

ಪದ್ದು ಕಾಯಿಯ ಹೋಳನ್ನು ತಿರುಗಿಸಿ ಹಿಡಿದಳು. "ಹಂಗಾರೆ ಬೆಳ್ದಿರ್ಕ್. ಉಗುರಲ್ದಾ."

"ಬೆರಳೇ ಇಲ್ದಲ್ಲ್ ಉಗುರ್ ಬೆಳಿತ್ತಾ, ಪದ್ದಕ್ಕ?"

ಮುಂಬೈಯಲ್ಲಿ ಗಲ್ಲಾದ ಡ್ರಾಯರ್ ಹಾಕುವಾಗ ಸಿಕ್ಕಿಕೊಂಡು ಭೋಜರಾಜನ ಹಿಂದಿನ ಎಡಗಾಲಿನ ಕೊನೆಯ ಬೆರಳು ತುಂಡಾದ ಕಥೆಯನ್ನು ವನಜಳಿಗೆ ಹೇಳಿದವಳು ಪದ್ದುವೇ. ಅಣ್ಣ ಅಂದು ಹೋಟೆಲಿನ ಬಾಗಿಲು ಹಾಕಿ, ಟ್ಯಾಕ್ಸಿ ಮಾಡಿ, ಪ್ರಾಣಿಗಳ ದೊಡ್ಡ ಡಾಕ್ಟರ ಹತ್ತಿರ ಓಡಿದ್ದನ್ನು ಅಭಿನಯಿಸಿಯೂ ತೋರಿಸಿದ್ದಳು. ಆಗ ಬುಡಕ್ಕೇ ಹೋದ ಬೆರಳು ಈಗ ಬೆಂಚಿನ ಮೇಲೆ, ಉಗುರಿನ ಸಮೇತ, ಎಲ್ಲರಿಗೂ ಕಾಣುವ ಹಾಗಿತ್ತು.

ಹೆರೆಮಣೆಯ ಸದ್ದು ನಿಂತಿತು.

ಪದ್ದು ಕೈ ಒರೆಸಿಕೊಂಡು ಅಡುಗೆ ಮನೆಯ ಬಾಗಿಲನ್ನು ಅರ್ಧ ಮುಂದೂಡಿದಳು. ಆಮೇಲೆ ಮಾತು ಶುರುವಾಯಿತು, ನಿಲ್ಲಲೇ ಇಲ್ಲ.

ವನಜ ಕೋಡಿಗೆ ಹೋದ ಎರಡನೇ ದಿನ ಕರೆಂಟು ಹೋಗಿತ್ತು. ದೀಪ ಆರಿ, ಪೆಟ್ಟಿಗೆ ತಣ್ಣಗಾಗಿ, ಭೋಜರಾಜ ಮೈಯೆಲ್ಲ ಕಪ್ಪಾಗಿ ಕೂತಿದ್ದ. ಪದ್ದುವಿಗೆ ಪಾಪ ಕಂಡಿತು. ಹಪ್ಪಳ ಹರವಿದ್ದ ಚಾಪೆಯ ಮೂಲೆಯಲ್ಲಿ, ಅಂಗಳದ ಬಿಸಿಲಿಗೆ, ಕೈ ತಾಗದ ಹಾಗೆ ಟವೆಲಿನಲ್ಲಿ ಸುತ್ತಿ ತಂದು ಅವನನ್ನು ಇಟ್ಟಳು. ಗಾಜಿನ ಮೂಲಕ ಬಂದ ಬಿಸಿಲು ಪ್ರಯೋಜನವಿಲ್ಲ, ನೇರ ಬಿಸಿಲು ಬೇಕು ಎಂದು ಕಾಗದದಲ್ಲೂ ಇತ್ತಲ್ಲ. ಅಷ್ಟರಲ್ಲಿ ಒಳಗೆ ಫೋನು. ಅಣ್ಣಯ್ಯನೇ. ಭೋಜರಾಜ ಹೇಗಿದ್ದಾನೆ ಎಂದು ಕೇಳಲು ಮಾಡಿದ್ದು. ಚೆನ್ನಾಗಿದ್ದಾನೆ, ಬಿಸಿಲು ಕಾಯಿಸಿಕೊಳ್ಳುತ್ತಿದ್ದಾನೆ ಎಂದು ಹೇಳಿ ಹೊರಗೆ ಬಂದು ನೋಡಿದರೆ ಚಾಪೆಯ ಮೇಲೆ ಹಪ್ಪಳ ಮಾತ್ರ ಇತ್ತು.

ಬೇಲಿ, ಬಾವಿಕಟ್ಟೆ, ಬಾಳೆಬುಡ, ಎಲ್ಲ ಹುಡುಕಿದಳಂತೆ. ಗರುಡ ಕೊಂಡುಹೋಗಿರಬೇಕು ಎಂದುಕೊಂಡು ಬಚ್ಚಲು ಮನೆಯಲ್ಲಿ ಕೂತು ಅತ್ತಳಂತೆ. ಆಗ ಕುಂದಾಪುರದಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿರುವ ಮಗ ಗುಣಪಾಲನಿಗೆ ಹೇಳಿ ಕಳುಹಿಸಿದಳು. ಅವನು ಎಲ್ಲೆಲ್ಲಿಗೋ ಫೋನು ಮಾಡಿ, ಮರುದಿನ ಸಂಜೆ ಮಂಗಳೂರಿನಿಂದ ಇನ್ನೊಂದನ್ನು ಸ್ವೀಟ್ ಬಾಕ್ಸಿನಲ್ಲಿ, ತೂತು ಮಾಡಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಪಕ್ಕದಲ್ಲಿ ಕೂತವರು ಒಂದು ಲಾಡು ಕೇಳಿದರಂತೆ.

ಅಂಗಳದಲ್ಲಿ ಆಗ ಯಾರಿದ್ದರು ಎಂದು ವನಜ ಕೇಳಿದಳು.

ಯಾರೂ ಇಲ್ಲ, ಜಗಲಿಯಲ್ಲಿ ಅಮ್ಮ ಒಬ್ಬರೇ, ಅವರಿಗೆ ಏನು ಕಾಣುತ್ತದೆ ಎಂದು ಪದ್ದು ಹೇಳಿದಳು.

ವನಜ ಪ್ರಾಣಿಯ ಮೇಲೆ ಟವೆಲಿನ ಅಂಚು ಎಳೆದಳು. ಆರು ದಿನ ತನ್ನ ಬಿಳಿ ಪುಡಿಯ ಮೇಲೆ ಅನುಮಾನಪಟ್ಟವಳು, ಮೀನಿನ ಕೈ ವಾಸನೆಗೇ ಪ್ರಾಣಿ ಊಟ ಬಿಟ್ಟಿತು ಎಂದವಳು ಇವಳೇ. ಕೋಪ ಬರಬೇಕಿತ್ತು. ಬರುವ ದಾರಿಯಲ್ಲೂ ಇತ್ತು. ಅಷ್ಟರಲ್ಲಿ ಪದ್ದು ಕಾಯಿಯ ತುರಿಯನ್ನು ಬಟ್ಟಲಿನಲ್ಲಿ ಸುಮ್ಮನೆ ಒಟ್ಟುಗೂಡಿಸುತ್ತ ಇನ್ನೊಂದು ಮಾತು ಹೇಳಿದಳು.

"ಹನ್ನೊಂದ್ ಸಾಲ್ ಬರ್ದಿದ ಕಾಣ್, ಒಂದ್ ಓಂತಿಗೆ. ನಂಗ್ ಮಂಡಿ ನೋವ್ ಸುರುವಾಯಿ ಎಂಟ್ ವರ್ಷ ಆಯ್ತ್. ನಂಗೆಂತ ಕೊಡ್ಕ್, ಎಂತ ಕೊಡೂಕಾಗ ಅಂದ್ ಒಂದ್ ಸಾಲ್ ಬರ್ದದ್ ನಾ ಕಾಣೆ."

ಬರುತ್ತಿದ್ದ ಕೋಪ ಬಾಗಿಲಲ್ಲೇ ನಿಂತು ಹಿಂದೆ ಹೋಯಿತು.

"ಹೇಳೂದಾದ್ರೆ ಹೇಳ್," ಎಂದಳು ಪದ್ದು. "ನಿಂದೂ ಹೆಸ್ರ್ ಉಳಿಕಲೆ."

ವನಜ ಟವೆಲಿನ ಮೇಲಿದ್ದ ಪ್ರಾಣಿಯನ್ನು ಪದ್ದುವಿನ ಕಡೆ ತಿರುಗಿಸಿದಳು. "ಇದ್ ಗಂಡಲ್ಲ, ಪದ್ದಕ್ಕ. ಹೆಣ್ಣ್. ಹೊಟ್ಟೆ ತುಂಬ ಮೊಟ್ಟೆ ಇತ್ತ್."

ಪದ್ದು ಬಾಯಿ ತೆರೆದಳು, ಮುಚ್ಚಿದಳು, ಬೆರಳು ಮಡಚಿ ಲೆಕ್ಕ ಹಾಕಿದಳು.

"ಬಂದ್ ಹನ್ನೆರ್ಡ್ ದಿನ ಆಯ್ತಷ್ಟೆ," ಎಂದಳು ಗಂಭೀರವಾಗಿ. "ನಮ್ಮನಿಯಂಗ್ ಆದದ್ದಲ್ಲ ಮತ್ತೆ. ಗುಣಪಾಲನ್ಹತ್ರ ಕೇಳ್ಕ್, ಎಂತಾ ಮನಿಯಿಂದ ತಂದ ಅಂದೇಳಿ."

ಆದರೆ ಅಷ್ಟು ಹೇಳಿದವಳೇ ಒಂದು ಹೆಜ್ಜೆ ಹತ್ತಿರ ಬಂದಳು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಓಂತಿಯ ಬೆನ್ನಿನ ಮೇಲೆ ಒಂದು ಬೆರಳು ಇಟ್ಟಳು. ಅದು ಮುಂಗೈ ಎತ್ತಿ ಗಾಳಿಯಲ್ಲಿ ತಿರುಗಿಸಿತು. ಬಸುರಿಗೆ ಬಾಯಿಗೆ ರುಚಿಯಾದದ್ದು ಬೇಕಾಗುತ್ತದೆ, ಸ್ವಲ್ಪ ಬಸಳೆ ಹಾಕಿದರೆ ಹೇಗೆ ಎಂದು ಪದ್ದು ಮೆಲ್ಲಗೆ ಕೇಳಿದಳು.

ಬಸಳೆ ಬೇಡ, ಮರಳು ಬೇಕು ಎಂದು ವನಜ ಹೇಳಿದಳು.

ಅದು ಗಾಜಿನ ಮೂಲೆ ಕೆರೆಯುತ್ತಿದ್ದುದರ ಅರ್ಥ ಅವಳಿಗೆ ಈಗ ಸ್ಪಷ್ಟವಾಗಿತ್ತು. ಚಿಕ್ಕವಳಿದ್ದಾಗ ಒಂದು ನಸುಕಿನಲ್ಲಿ ಕೋಡಿಯ ಕಡಲ ಬದಿಯಲ್ಲಿ, ಅಪ್ಪ ಅವಳ ಬಾಯಿಗೆ ಕೈ ಅಡ್ಡ ಹಿಡಿದು, ಆಮೆಯೊಂದು ಹಿಂಗಾಲಿನಿಂದ ಗುಂಡಿ ತೋಡುವುದನ್ನು ತೋರಿಸಿದ್ದ. ಒಣಮರಳು ಕುಸಿಯುತ್ತದೆ, ಅದಕ್ಕೇ ತೇವ ಸಿಗುವವರೆಗೆ ತೋಡುತ್ತದೆ ಎಂದಿದ್ದ. ಈ ಹೆಣ್ಣೂ ಆರು ದಿನಗಳಿಂದ ಜಾಗ ಕೇಳುತ್ತಿತ್ತು. ಸಿಗದಿದ್ದರೆ ಏನಾಗುತ್ತದೆ ಎಂದೂ ವನಜಳಿಗೆ ಗೊತ್ತಿತ್ತು. ಮೊಟ್ಟೆ ಒಳಗೇ ಸಿಕ್ಕಿಕೊಂಡು ಅವಳ ಕಪ್ಪು ಹೇಂಟೆ ಒಂದು ಮಧ್ಯಾಹ್ನ ಅವಳ ಕೈಯಲ್ಲೇ ಕುತ್ತಿಗೆ ಚೆಲ್ಲಿತ್ತು.

ಕಾಗದದ ಆರನೇ ಸಾಲಿನಲ್ಲಿ "ಮರಳು ಯಾವ ಕಾರಣಕ್ಕೂ ಹಾಕಬಾರದು. ತಿಂದರೆ ಹೊಟ್ಟೆ ಕಟ್ಟುತ್ತದೆ" ಎಂದಿತ್ತು, ಕೆಳಗೆ ಎರಡು ಗೆರೆ ಎಳೆದು. ಅದನ್ನು ಮೀರುವುದು ವನಜಳಿಗೆ ಸುಲಭವಾಗಿರಲಿಲ್ಲ. ಆದರೆ ಆ ಸಾಲು ಬರೆದದ್ದು ಭೋಜರಾಜನಿಗೆ. ಇವಳ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ.

ಪ್ರಾಣಿಯನ್ನು ದೀಪದ ಬೆಚ್ಚಗೆ ಬಿಟ್ಟು, ಕೈಯನ್ನು ಸೋಪಿನಿಂದ ತೊಳೆದು, ಬಕೆಟ್ಟು ಹಿಡಿದು ಅವಳು ಹಿತ್ತಲಿಗೆ ಹೊರಟಳು. ಬಚ್ಚಲು ಮನೆಯ ಆಚೆ, ಮೂರು ಕಲ್ಲು ಮೆಟ್ಟಿಲು ಇಳಿದರೆ ಹಳೆಯ ಸೌದೆ ಕೊಟ್ಟಿಗೆ. ಗ್ಯಾಸು ಬಂದ ಮೇಲೆ ಅಲ್ಲಿಗೆ ಯಾರೂ ಹೋಗುವುದಿಲ್ಲ. ಪಾಗಾರದ ಗೋಡೆ ಕಟ್ಟಿ ಉಳಿದ ಮರಳಿನ ರಾಶಿ ಅಲ್ಲಿದೆ ಎಂದು ಪದ್ದು ಹೇಳಿದ್ದಳು. ಮಂಡಿಯಿಂದಾಗಿ ಅವಳು ಆ ಮೆಟ್ಟಿಲು ಇಳಿಯದೆ ವರ್ಷಗಳಾಗಿದ್ದವು.

ಜಗಲಿಯ ಬದಿಯಿಂದ ಹೋಗುವಾಗ, "ಎಲ್ಲ್ ಹೋತೆ ಹೆಣೆ?" ಎಂದು ಅಮ್ಮಣ್ಣಿಯಮ್ಮನ ಸ್ವರ ಬಂತು. ಎರಡು ಕೈ ದೂರಕ್ಕಿಂತ ಅವಳು ಎಷ್ಟೋ ಆಚೆ ಇದ್ದಳು. ಮರಳಿಗೆ ಎಂದಳು. ಮಾತು ನಿಂತಿತು. ವನಜ ತಿರುಗಿ ನೋಡಿದಾಗ ಅವರ ಮಡಿಲಲ್ಲಿ ದಾಸವಾಳ ಇರಲಿಲ್ಲ.

ಕೊಟ್ಟಿಗೆಯ ಬಾಗಿಲು ಕಿರುಗುಟ್ಟಲಿಲ್ಲ. ಯಾರೋ ತಿರುಗಣೆಗೆ ಎಣ್ಣೆ ಹಾಕಿದ್ದರು.

ಒಳಗೆ ಹಂಚು ಜಾರಿದ ಕಡೆಯಿಂದ ಬಿಸಿಲು ನೇರವಾಗಿ ತೆಂಗಿನ ಸಿಪ್ಪೆಯ ರಾಶಿಯ ಮೇಲೆ ಬಿದ್ದಿತ್ತು. ಬಿಸಿಲಿನ ನಡುವಿನಲ್ಲಿ, ಕಾಲು ಚಾಚಿಕೊಂಡು, ಹೊಟ್ಟೆ ಎರಡು ಕಡೆ ಹರಡಿಕೊಂಡು, ಮಧ್ಯಾಹ್ನದ ಹೋಟೆಲು ಮಾಲೀಕರ ಹಾಗೆ ಒಬ್ಬ ಕೂತಿದ್ದ. ವನಜಳನ್ನು ನೋಡಿದ್ದೇ ತಲೆ ಮೇಲೆ ಕೆಳಗೆ ಕುಣಿಸಿದ. ಗಂಟಲು ಊದಿತು. ಗಡ್ಡ ಕಪ್ಪಾಯಿತು.

ಹಿಂದಿನ ಎಡಗಾಲಿನಲ್ಲಿ ನಾಲ್ಕೇ ಬೆರಳು.

ಮೈ ಮಿರಮಿರ ಮಿಂಚುತ್ತಿತ್ತು. ಬಾಲದ ಬುಡ ಗಟ್ಟಿಮುಟ್ಟಾಗಿತ್ತು. ಎರಡು ದೀಪ, ಹನ್ನೊಂದು ಸಾಲು, ದಿನಕ್ಕೆರಡು ಸಲ ಒರೆಸಿದ ಗಾಜು, ಇಷ್ಟೆಲ್ಲದರ ನಡುವೆ ಇದ್ದಾಗ ಅವನು ಇಷ್ಟು ಪುಷ್ಟಿಯಾಗಿ ಎಂದೂ ಕಂಡಿರಲಿಲ್ಲ. ಎದುರಿಗೆ ಸ್ಟೀಲಿನ ತಟ್ಟೆ. ಅದರಲ್ಲಿ ಎಸಳು ಎಸಳಾಗಿ ಬಿಡಿಸಿದ ದಾಸವಾಳ, ನುಗ್ಗೆಯ ಚಿಗುರು. ಚಾಕು ಮುಟ್ಟಿಸದೆ, ಬೆರಳಿನಿಂದ ತಾಳ್ಮೆಯಾಗಿ ಹರಿದದ್ದು. ಚಿಗುರು ಇನ್ನೂ ಬಾಡಿರಲಿಲ್ಲ.

ವನಜ ಕೂಗಿ ಪದ್ದುವನ್ನು ಕರೆಯಲು ಬಾಯಿ ತೆರೆದಳು. ಆಗ ನೆಲ ಕಂಡಿತು.

ಮರಳಿನ ರಾಶಿಯಿಂದ ಚೆಲ್ಲಿ ಹರಡಿದ ತೆಳ್ಳನೆ ಪದರದ ಮೇಲೆ, ಬಾಗಿಲಿನಿಂದ ತಟ್ಟೆಯವರೆಗೆ, ಬಾಟಲಿ ಮುಚ್ಚಳದಷ್ಟು ದುಂಡಗಿನ ಗುರುತುಗಳು. ಒಳಗೆ ಸಣ್ಣ ಸಣ್ಣ ಉಂಗುರ. ಗುಣಪಾಲ ಮಂಗಳೂರಿನಿಂದ ತಂದುಕೊಟ್ಟ ಊರುಗೋಲಿನ ರಬ್ಬರು ಬುಡಕ್ಕೆ ಅಂಥ ಉಂಗುರಗಳಿದ್ದವು. ಮನೆಯಲ್ಲಿ ಊರುಗೋಲು ಒಂದೇ. ಗುರುತಿನ ಪಕ್ಕದಲ್ಲಿ ಬರಿಗಾಲಿನ ಹೆಜ್ಜೆ, ಎಡಗಾಲನ್ನು ಕೊಂಚ ಎಳೆದದ್ದು. ಹೋದದ್ದು, ಬಂದದ್ದು, ಹಳೆಯದರ ಮೇಲೆ ಹೊಸದು, ದಿನದಿನದ್ದು.

ಹಿಡಿದುಕೊಂಡವರ ಹೆಜ್ಜೆ ಅಲ್ಲಿ ಎಲ್ಲೂ ಇರಲಿಲ್ಲ.

ವನಜ ಆ ಮೂರು ಮೆಟ್ಟಿಲನ್ನು ತಿರುಗಿ ನೋಡಿದಳು. ಅವಳೇ ಇಳಿಯುವಾಗ ಗೋಡೆ ಹಿಡಿದಿದ್ದಳು.

"ವನಜಾ," ಎಂದು ಹಿತ್ತಲ ಬಾಗಿಲಿನಿಂದ ಪದ್ದುವಿನ ಸ್ವರ. ಈಗಷ್ಟೇ ಫೋನಿನಲ್ಲಿ ಮಾತಾಡಿ ಬಂದಿರಬೇಕು. "ಅಣ್ಣಯ್ಯ ರೈಲ್ ಹತ್ತಿದ ಅಂಬ್ರ್. ನಾಳೆ ಬೆಳಿಗ್ಗೆಯೇ ಬತ್ತ. ಓಂತಿ ಉಣ್ತಿಲ್ಲೆ ಅಂದ್ ಸುಧೀರ್ ಡಾಕ್ಟ್ರ್ ಫೋನ್ ಮಾಡಿ ಹೇಳಿದ್ರಂಬ್ರ್, ಆವತ್ತ್ ಬೆರಳಿಗ್ ಮದ್ದ್ ಮಾಡಿದ ಡಾಕ್ಟ್ರನ್ನೂ ಕರ್ಕಂಡ್ ಬತ್ತಿದ್ದ ಅಂಬ್ರ್."

ವನಜ ಬಕೆಟ್ಟನ್ನು ಮರಳಿನ ರಾಶಿಯ ಪಕ್ಕ ಇಟ್ಟಳು.

"ಕೇಂಡಿತಾ? ಅಲ್ಲೆಂತಾರೂ ಸಿಕ್ಕಿತಾ?"

ಉತ್ತರ ಎರಡು ಮಾರು ದೂರದಲ್ಲಿ, ಬಿಸಿಲಿನಲ್ಲಿ ಗಡ್ಡ ಊದಿಸಿಕೊಂಡು ಕೂತಿತ್ತು. ಎತ್ತಿಕೊಂಡು ಹೋಗಿ ಪೆಟ್ಟಿಗೆಯಲ್ಲಿಟ್ಟರೆ ಆಯಿತು. ಕಾಗದದ ಮೇಲಿನ ಹೆಸರು ಉಳಿಯುತ್ತದೆ. ಪದ್ದಕ್ಕನೂ ಬಚಾವು. ಡಾಕ್ಟರು ಬಂದು ಹತ್ತೊಂಬತ್ತು ಎಣಿಸಿ ಬೆನ್ನು ತಟ್ಟುತ್ತಾರೆ. ಆಮೇಲೆ ನಾಳೆ ಬೆಳಿಗ್ಗೆ, ನಾಡಿದ್ದು ಬೆಳಿಗ್ಗೆ, ಆ ಮೂರು ಮೆಟ್ಟಿಲು ಇಳಿದು ಬರಲು ಯಾರಿಗೂ ಯಾವ ಕಾರಣವೂ ಇರುವುದಿಲ್ಲ. ಗುರುತುಗಳ ಸಂಗತಿ ಹೊರಗೆ ಬಿದ್ದರಂತೂ ಮಧ್ಯಾಹ್ನದೊಳಗೆ ಈ ಬಾಗಿಲಿಗೆ ಬೀಗ, ಕುರ್ಚಿಯ ಎರಡು ಕಡೆ ಎರಡು ಜನ.

"ಎಂತ ಇಲ್ಲೆ ಪದ್ದಕ್ಕ," ಎಂದಳು. "ಬರೀ ಮರಳ್."

ಬಕೆಟ್ಟಿಗೆ ಮರಳು ತುಂಬಿದಳು. ಮೂಲೆಯಲ್ಲಿ ಸವೆದ ಹಿಡಿಸೂಡಿಯೊಂದು ಬಿದ್ದಿತ್ತು. ತಟ್ಟೆಯ ಹತ್ತಿರದಿಂದ ಶುರುಮಾಡಿ, ಹಿಂದೆ ಹಿಂದೆ ಸರಿಯುತ್ತ, ಬಾಗಿಲವರೆಗೂ ಗುಡಿಸಿದಳು. ಮೂರು ಮೆಟ್ಟಿಲುಗಳನ್ನೂ ಗುಡಿಸಿದಳು. ಭೋಜರಾಜ ಪೊರಕೆ ನೋಡಿ ಕೊನೆಯವರೆಗೂ ತಲೆ ಕುಣಿಸುತ್ತಲೇ ಇದ್ದ.

ಜಗಲಿಯಲ್ಲಿ ಅಮ್ಮಣ್ಣಿಯಮ್ಮ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಬಂದವರ ಉಸಿರು ಅಷ್ಟು ಎಚ್ಚರದಿಂದ ಇರುವುದಿಲ್ಲ. ಊರುಗೋಲು ಗೋಡೆಗೆ ಒರಗಿತ್ತು. ಅದರ ರಬ್ಬರಿನ ಉಂಗುರಗಳ ನಡುವೆ ಬಿಳಿ ಮರಳಿನ ಕಣ ಕೂತಿತ್ತು.

ವನಜ ಬಕೆಟ್ಟು ಕೆಳಗಿಟ್ಟಳು. ಸೆರಗಿನ ತುದಿಯಿಂದ ರಬ್ಬರು ಬುಡವನ್ನು ಸುತ್ತಲೂ ಒರೆಸಿ, ಊರುಗೋಲನ್ನು ಕುರ್ಚಿಗೆ ಒಂದು ಗೇಣು ಹತ್ತಿರ ತಂದು ಒರಗಿಸಿ, ಮರಳು ಹೊತ್ತು ಒಳಗೆ ನಡೆದಳು.